ಗೋಡೆಯ ಮೇಲೆ ಹೊರಟ ಬಸ್ಸುಗಳು

ಮೋಡ ಚೆದುರಿಯೂ ಚೆದುರದೆ, ಬಿಸಿಲು ಬಂದೂ ನಿಲ್ಲದೆ, ಬೆಳಕು-ನೆರಳುಗಳು ಬೆಟ್ಟದಿಂದ ಬೆಟ್ಟಕ್ಕೆ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ವಯನಾಡಿನ ಆ ಓಣಂ ಹಬ್ಬಕ್ಕೆ ಮುಂಚಿನ ದಿನಗಳನ್ನು ನೀವು ಕಂಡಿದ್ದೀರೋ ಇಲ್ಲವೋ, ಸಹೃದಯರೇ! ಕೇಣಿಚಿರದ ಕಾಫಿತೋಟಗಳ ಹಸಿರು ಒಂದು ಗಳಿಗೆ ಮರಕತದಂತೆ ಪ್ರಜ್ವಲಿಸಿ ಮರುಗಳಿಗೆ ಮಸಿಯಂತೆ ಮಂಕಾಗುತ್ತದೆ. ಮರವನ್ನಪ್ಪಿದ ಮೆಣಸಿನ ಬಳ್ಳಿಗಳಿಂದ, ಎಂದೋ ನಿಂತ ಮಳೆ ಇನ್ನೂ ನೆನಪಾಗಿ ತೊಟ್ಟಿಕ್ಕುತ್ತಿರುತ್ತದೆ. ಗಾಳಿಗೆ ಮಾತ್ರ ಎಲ್ಲಿಯೂ ವಿಶ್ರಾಂತಿಯಿಲ್ಲ... ಅಂಥದೊಂದು ಅಪರಾಹ್ನದ ಅಸ್ಥಿರ ಆಕಾಶದ ಕೆಳಗೆ, ರಸ್ತೆಯಂಚಿನ ಒಂದು ಹೊಸ ಮನೆಯ ನಡುಮನೆಯಲ್ಲಿ, ಒದ್ದೆ ಬಟ್ಟೆ ಹಿಡಿದು ನಿಂತಿದ್ದ ಸುನಿತಳ ಎದೆಯೂ ಹಾಗೆಯೇ ತುಯ್ದಾಡುತ್ತಿತ್ತು.

ಅವಳ ಎದುರಿಗಿದ್ದದ್ದು ಬಸ್ಸುಗಳು! ಕಿಟಕಿಯ ಅಂಚಿನಿಂದ ಅಡುಗೆಮನೆಯ ಬಾಗಿಲವರೆಗೆ, ಕೆನೆಬಣ್ಣದ ಗೋಡೆಯ ಮೇಲೆ, ಕೆಂಪು, ನೇರಳೆ, ಕಡುನೀಲಿ ಕ್ರೇಯಾನುಗಳಲ್ಲಿ ಗೀಚಿದ ಬಸ್ಸುಗಳ ಮೆರವಣಿಗೆ. ಪ್ರತಿ ಕಿಟಕಿಯಲ್ಲಿ ಒಂದೊಂದು ದುಂಡು ಮುಖ. ರಸ್ತೆಯಲ್ಲಿ ಹಗಲೆಲ್ಲ ಪುಲ್ಪಳ್ಳಿಗೆ ಹೋಗಿಬರುವ ಖಾಸಗಿ ಬಸ್ಸುಗಳನ್ನು ಕಿಟಕಿಯಲ್ಲಿ ಕೂತು ನೋಡುತ್ತಿದ್ದ ಅವಳ ಮಗಳು ಜಾನು, ತಾಯಿ ಹಿತ್ತಿಲಲ್ಲಿ ಬಟ್ಟೆ ಒಗೆಯುವಷ್ಟರಲ್ಲಿ ಅವನ್ನೆಲ್ಲ ಮನೆಯೊಳಕ್ಕೆ ಬರಮಾಡಿಕೊಂಡಿದ್ದಳು.

ಆ ಗೋಡೆಗೆ ಬಣ್ಣ ಬಳಿದವನು ಸಿದ್ದೇಶ, ಸುನಿತಳನ್ನು ಕಳೆದ ತಿಂಗಳಷ್ಟೇ ಕೈಹಿಡಿದವನು. ಕೇಣಿಚಿರದಲ್ಲಿ ಅವನದು ತರಕಾರಿ ಅಂಗಡಿ. ಮೊದಲ ಗಂಡನಿಂದ ಬೇರೆಯಾಗಿ, ಮಗಳೊಡನೆ ತವರಿನಲ್ಲಿ ತಲೆತಗ್ಗಿಸಿಕೊಂಡಿದ್ದ ಸುನಿತ ಅಲ್ಲಿಗೆ ಸಾಮಾನಿಗೆ ಬರುತ್ತಿದ್ದಳು. ಸುತ್ತಲೂ ಮಲಯಾಳದ ಮಾತು ಮಳೆಯಂತೆ ಸುರಿಯುತ್ತಿದ್ದ ಆ ಸಂತೆಯ ಗದ್ದಲದಲ್ಲಿ ಒಂದು ದಿನ ಅವನು ಮೆಲ್ಲಗೆ, “ಹುರುಳಿಕಾಯಿ ಎಳೇದಿದೆ, ತಗೊಳ್ಳಿ” ಎಂದಿದ್ದ. ಅಷ್ಟೇ! ಆದರೆ ತನ್ನ ಭಾಷೆಯ ಆ ಮೂರು ಮಾತು, ಬಹುಕಾಲ ಮುಚ್ಚಿದ್ದ ಕೋಣೆಯೊಳಕ್ಕೆ ಬಿದ್ದ ಬಿಸಿಲಕೋಲಿನಂತೆ, ಅವಳ ಅಂತರಂಗದ ಧೂಳನ್ನೆಲ್ಲ ಹೊಳೆಯಿಸಿಬಿಟ್ಟಿತ್ತು. ಮದುವೆ ನಿಶ್ಚಯವಾದ ಮೇಲೆ ಅವನು ಸಂಜೆಗಳಲ್ಲಿ ತಾನೇ ನಿಂತು ಈ ನಡುಮನೆಗೆ ಬಣ್ಣ ಬಳಿದಿದ್ದ. ಮದುವೆಯ ದಿನವೂ ಅವನ ಕಿವಿಯ ಹಿಂದೆ ಕೆನೆಬಣ್ಣದ ಒಂದು ಚುಕ್ಕೆ ಉಳಿದಿತ್ತು...

ಇಂದು ಅವನು ಓಣಂ ವ್ಯಾಪಾರಕ್ಕೆಂದು ಪಿಕಪ್ ತೆಗೆದುಕೊಂಡು ಗುಂಡ್ಲುಪೇಟೆಗೆ ಹೋಗಿದ್ದ. ಸಂಜೆಗೆ ಬರುತ್ತಾನೆ. ಬರುವಷ್ಟರಲ್ಲಿ ಗೋಡೆ ಮೊದಲಿನಂತಾಗಬೇಕು!

ಅವಳು ಒದ್ದೆ ಬಟ್ಟೆಯಿಂದ ಉಜ್ಜಿದಳು. ಮೇಣದ ಗೆರೆ ನೀರನ್ನು ಕೊಡವಿ ನಗುತ್ತಿತ್ತು. ಟೂತ್‌ಪೇಸ್ಟು ಹಚ್ಚಿ ತಿಕ್ಕಿದಳು. ಕೆಂಪು ಗುಲಾಬಿಯಾಯಿತೇ ಹೊರತು ಹೋಗಲಿಲ್ಲ. ತೆಂಗಿನೆಣ್ಣೆ ಸವರಿದಳು, ಬಣ್ಣವೇನೋ ಸಡಿಲಿತು, ಆದರೆ ನೇರಳೆಯೂ ನೀಲಿಯೂ ಕಲೆತು ಕಾರ್ಮೋಡದಂತೆ ಹರಡಿಕೊಂಡವು. ಕೊನೆಗೆ ಪಾತ್ರೆ ತಿಕ್ಕುವ ನಾರು ತಂದಳು. ಅಯ್ಯೋ! ಬಸ್ಸಿನೊಡನೆ ಗೋಡೆಯ ಬಣ್ಣವೂ ಎದ್ದು, ಒಳಗಿನ ಬಿಳಿಯ ಗಾರೆ ಗಾಯದಂತೆ ಕಾಣಿಸಿಕೊಂಡಿತು.

ಅವಳು ಬೆಚ್ಚಿ ನಾರನ್ನು ಕೆಳಗೆ ಹಾಕಿದಳು. ಅವಳೊಳಗಿನ ಭಯ ಈ ಮನೆಯದಲ್ಲ. ಹಿಂದಿನ ಮನೆಯಿಂದ ಅವಳೊಡನೆ ಬಂದದ್ದು. ಅಲ್ಲಿ ಒಂದು ಲೋಟ ಉರುಳಿದರೂ ತಟ್ಟೆಗಳು ಹಾರುತ್ತಿದ್ದವು. ಮೆಟ್ಟಿಲ ಮೇಲಿನ ಹೆಜ್ಜೆಯ ಸಪ್ಪಳದಲ್ಲೇ ಆ ರಾತ್ರಿಯ ಹವಾಮಾನವನ್ನು ಓದಲು ತಾಯಿ-ಮಗಳಿಬ್ಬರೂ ಕಲಿತಿದ್ದರು. ಸಿದ್ದೇಶ ಸಿಟ್ಟಾದದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ. ಕಾಣದಿರುವುದೇ ಅವಳ ದಿಗಿಲು!

“ಅಮ್ಮಾ, ಕೊನೇ ಬಸ್ಸೊಂದು ಬಿಡು... ಅದ್ರಲ್ಲಿ ಜನ ಇದ್ದಾರೆ,” ಎಂದಳು ಜಾನು, ಸೆರಗು ಜಗ್ಗಿ.

ಸುನಿತಳ ಕೈ ಅವಳಿಗೇ ತಿಳಿಯದಂತೆ ಎದ್ದಿತು. ಏಟಿನ ಸದ್ದು ಖಾಲಿ ನಡುಮನೆಯಲ್ಲಿ ಮೊಳಗಿತು.

ಮಗು ಅಳಲಿಲ್ಲ. ಒಳಗೆ ಹೋದಳು. ಹೊರಗೆ ಬಂದಾಗ ಕಾಲಲ್ಲಿ ಚಪ್ಪಲಿಯಿತ್ತು, ಹೆಗಲಲ್ಲಿ ಅಂಗನವಾಡಿಯ ಚೀಲವಿತ್ತು. “ಹೋಗೋಣ್ವಾ ಅಮ್ಮ?” ಎಂದು ಮೆಲ್ಲಗೆ ಕೇಳಿದಳು.

ಸಿಡಿಲು ಬಡಿದ ಮರಕ್ಕೆ ಕೂಗಲು ಬಾಯಿಲ್ಲ... ಸುನಿತ ನೆಲಕ್ಕೆ ಕುಸಿದು, ಎಣ್ಣೆ ಮೆತ್ತಿದ ಕೈಗಳಿಂದಲೇ ಮಗಳನ್ನು ಅಪ್ಪಿಕೊಂಡಳು. ಯಾರ ಕೈಗೆ ಹೆದರಿ ಓಡಿಬಂದಿದ್ದಳೋ ಆ ಕೈ ಈಗ ತನ್ನ ತೋಳಿನ ತುದಿಯಲ್ಲೇ ಬೆಳೆದಿದೆಯೆಂದು ಅವಳಿಗೆ ಅನ್ನಿಸಿತು.

ನೆರೆಮನೆಗೆ ಹೋಗಿದ್ದ ಅತ್ತೆ ನಾಗರತ್ನಮ್ಮ ಹಿಂತಿರುಗಿ, ಹೊಸ್ತಿಲಲ್ಲೇ ನಿಂತುಬಿಟ್ಟರು. “ಅಯ್ಯೋ ಶಿವನೇ! ನನ್ ಮಗ ಹಗಲೆಲ್ಲ ಅಂಗಡೀಲಿ ಕುಂತು, ಸಂಜೆಯೆಲ್ಲ ನಿಂತು ಬಳ್ದ ಗೋಡೆ ಕನವ್ವಾ ಇದು!”

ಅವನು ತಡವಾಗಿ ಬರಲಿ, ದೇವರೇ, ಇಂದು ಬಾರದೇ ಇರಲಿ ಎಂದು ಸುನಿತಳ ಮನಸ್ಸು ಮೊರೆಯಿಡುತ್ತಿತ್ತು.

ಮೊರೆ ಫಲಿಸಿದಂತೆಯೇ ಆಯಿತು! ಬಿಸಿಲು ಇಳಿಯಿತು, ಮಳೆ ಸುರಿದು ನಿಂತಿತು, ನಾಗರತ್ನಮ್ಮ ದೀಪ ಹಚ್ಚಿದರು, ಪಿಕಪ್ಪಿನ ಸುಳಿವಿಲ್ಲ. ಫೋನು ಸಿಗುತ್ತಿಲ್ಲ. “ಮುತ್ತಂಗದ ಕಾಡಲ್ಲಿ ಫೋನು ಎಲ್ಲಿ ಹತ್ತತ್ತೆ? ಆದ್ರೂ ಇಷ್ಟೊತ್ತು ಮಾಡ್ದವನಲ್ಲ. ರಾತ್ರಿ ಕಾಡಿನ ದಾರಿಗೆ ಗೇಟು ಹಾಕ್ಬಿಟ್ರೆ ಬೆಳಗಾಗೋವರ್ಗೂ ಆಕಡೆಯೇ,” ಎಂದು ಅತ್ತೆ ಬಾಗಿಲಿಗೂ ಒಲೆಗೂ ಓಡಾಡಿದರು.

ಆಗ... ಓ ಸಹೃದಯರೇ, ಮನುಷ್ಯಹೃದಯದ ವಿಚಿತ್ರವನ್ನು ನೋಡಿ! ಅವನ ಬರವಿಗೆ ಅಂಜುತ್ತಿದ್ದ ಅದೇ ಎದೆ, ಅವನ ಬಾರದಿರುವಿಕೆಗೆ ತಲ್ಲಣಿಸತೊಡಗಿತು. ಮಳೆಗೆ ನೆನೆದ ಕಾಡುರಸ್ತೆ, ತಿರುವಿನಲ್ಲಿ ನಿಂತ ಆನೆ, ಮಗುಚಿದ ಗಾಡಿ, ಹೀಗೆ ಕಲ್ಪನೆ ಅವಳನ್ನು ಹಿಂಡಿತು. ಬಯ್ಯಲಿ, ಬೇಕಾದರೆ ಮನೆಯನ್ನೇ ನಡುಗಿಸಲಿ, ಬರಲಿ! ಕಿವಿಯ ಹಿಂದೆ ಬಣ್ಣದ ಚುಕ್ಕೆ ಹೊತ್ತಿದ್ದ ಆ ಮನುಷ್ಯ ಬರಲಿ! ತಾನು ಅವನನ್ನು ಆಶ್ರಯಕ್ಕಾಗಿ ಮದುವೆಯಾದೆನೆಂದು ತಿಳಿದಿದ್ದಳು. ಪ್ರೀತಿಸುತ್ತಿದ್ದೇನೆಂದು ಆ ಸಂಜೆಯ ಒದ್ದೆ ಕತ್ತಲಲ್ಲಿ, ಗೇಟಿನ ಕಂಬಿ ಹಿಡಿದು ನಿಂತಾಗಷ್ಟೇ ತಿಳಿಯಿತು.

ಕೊನೆಗೂ ತಿರುವಿನಲ್ಲಿ ಬೆಳಕು ಮೂಡಿತು. ಟೈರು ಕೈಕೊಟ್ಟಿತ್ತಂತೆ. ಕೆಸರಾದ ಕಾಲಲ್ಲಿ ಸಿದ್ದೇಶ ಒಳಬಂದು, ಗೋಡೆಯನ್ನು ಕಂಡು, ನಿಂತ.

“ಮಗು ಬರ್ದಿದ್ದು. ಒರೆಸೋಕೆ ಹೋಗಿ ಹಾಳ್ಮಾಡಿದ್ದು ನಾನು,” ಎಂದಳು ಸುನಿತ.

“ಸುಳ್ಯಾಕೆ ಹೇಳ್ಲಿ? ಬೇಜಾರಾಯ್ತು. ಕೋಪನೂ ಬಂತು,” ಎಂದವನೇ ಹಿತ್ತಿಲಿಗೆ ನಡೆದುಹೋದ.

ಸುನಿತ ಕಣ್ಣುಮುಚ್ಚಿದಳು. ಏನೋ ಒಡೆಯುವ ಸದ್ದಿಗಾಗಿ ಕಾದಳು. ಕೇಳಿಸಿದ್ದು ನೀರಿನ ಸದ್ದು. ಅವನು ಕೈಕಾಲು ಮುಖ ತೊಳೆದುಕೊಳ್ಳುತ್ತಿದ್ದ.

ತಿರುಗಿ ಬಂದಾಗ ಅವನ ಕಣ್ಣಿಗೆ ಬಿದ್ದದ್ದು ಬಾಗಿಲ ಮೂಲೆಯಲ್ಲಿ ಚೀಲ ಬಿಡದೆ ನಿಂತಿದ್ದ ಜಾನು.

“ಎಲ್ಲಿಗೆ ಮೋಳೆ?” ಎಂದ, ಮಲಯಾಳದಲ್ಲಿ ಮಗಳೇ ಎಂದು ಕರೆದು.

“ನೀವು ಬಯ್ದ್ರೆ ಹೋಗೋಕೆ.”

ಅವನು ಅವಳೆದುರು ನೆಲದ ಮೇಲೆ ಕೂತ. ಅವಳ ಚೀಲವನ್ನು ಮೆಲ್ಲಗೆ ಹೆಗಲಿಂದ ಇಳಿಸಿ, “ಬಯ್ಯೋದಂತೂ ಬಯ್ತೀನಿ. ಗೋಡೆ ಮೇಲೆ ಬರೀಬಾರ್ದು, ಕೇಟ್ಟಾ, ಕೇಳಿಸ್ತಾ? ಹಾಂ, ಬಯ್ದಾಯ್ತು,” ಎಂದ. “ಈಗ ಊಟ. ಈ ಮನೇಲಿ ಬಯ್ದ ಮೇಲೂ ಊಟ ಇರತ್ತೆ. ಯಾರೂ ಎಲ್ಲಿಗೂ ಹೋಗೋದಿಲ್ಲ.”

ಜಾನು ತಾಯಿಯ ಮುಖ ನೋಡಿದಳು. ಸುನಿತ ಕೆಳಗೆ ಬಾಗಿ, ಬೆರಳುಗಳ ಗುರುತಿದ್ದ ಆ ಪುಟ್ಟ ಕೆನ್ನೆಗೆ ಮುತ್ತಿಟ್ಟು, “ನಾನು ಹೊಡೆದದ್ದು ತಪ್ಪು ಕಂದಾ,” ಎಂದಳು. ಆಗ ಮಗು ಜೋರಾಗಿ, ಸಂಕೋಚವಿಲ್ಲದೆ, ಮನೆಯೆಲ್ಲ ತುಂಬುವಂತೆ ಅತ್ತಿತು. ನಾಗರತ್ನಮ್ಮ ಕಣ್ಣೊರೆಸಿಕೊಳ್ಳುತ್ತ, “ಅಳ್ಲಿ ಬುಡು, ಸಾರಮಿಲ್ಲ, ಪರ್ವಾಗಿಲ್ಲ,” ಎಂದು ತಟ್ಟೆ ಹಾಕಿದರು.

ಹಬ್ಬ ಕಳೆದ ಮೇಲೆ ಗಂಡ-ಹೆಂಡಿರಿಬ್ಬರೂ ಗೋಡೆಯ ಕೆಲಸಕ್ಕೆ ನಿಂತರು. ಸೋಡಾಪುಡಿಯನ್ನು ನೀರಲ್ಲಿ ಕಲಸಿ, ಮೆತ್ತನೆಯ ಬಟ್ಟೆಯಲ್ಲಿ, ಅವಸರವಿಲ್ಲದೆ ಒರೆಸಿದರೆ ಮೇಣ ತಾನಾಗಿಯೇ ಬಿಟ್ಟುಕೊಡುತ್ತಿತ್ತು. ಎದ್ದುಹೋದೆಡೆಗೆ ಸಿದ್ದೇಶ ಮತ್ತೆ ಬಣ್ಣ ಬಳಿದ, ಗೊಣಗುತ್ತಲೇ ಬಳಿದ. ನಡುವೆ ಅವನ ಕುಂಚದಿಂದ ಅವಳ ಹೊಸ ಸೀರೆಗೆ ಒಂದು ದೊಡ್ಡ ಹನಿ ಸಿಡಿಯಿತು.

“ಕಣ್ಣು ಕಾಣಲ್ವೇನ್ರೀ ನಿಮ್ಗೆ!” ಎಂದು ಸುನಿತ ಗದರಿದಳು.

ಗದರಿದ ಮೇಲೆ ತಾನೇ ಬೆಚ್ಚಿ ನಿಂತಳು. ಒಬ್ಬ ಗಂಡಸಿನ ಮೇಲೆ ಅವಳು ದನಿಯೇರಿಸಿದ್ದು ಎಷ್ಟು ವರ್ಷಗಳ ಮೇಲೆ! ಅವನು ಪೆಚ್ಚಾಗಿ ನಕ್ಕ. ಅವಳಿಗೂ ನಗು ಬಂತು...

ಕೋಪವೇ ಇಲ್ಲದ ಎದೆಯನ್ನು ಹುಡುಕಿ ಹೊರಟವರು ಮೋಡವೇ ಇಲ್ಲದ ಆಕಾಶವನ್ನು ಹುಡುಕಿದಂತೆ, ಬಳಲಿ ಬರಿಗೈಯಲ್ಲಿ ಮರಳುತ್ತಾರೆ. ಗುಡುಗಿ, ಸುರಿದು, ತಿಳಿಯಾಗಬಲ್ಲ ಆಕಾಶವೊಂದು ದೊರೆತರೆ ಸಾಕು! ಅದರ ಕೆಳಗೆ ನಿಂತು ಮನುಷ್ಯರು ನಿರ್ಭಯವಾಗಿ ತಪ್ಪು ಮಾಡಬಲ್ಲರು, ಅಳಬಲ್ಲರು, ಒಬ್ಬರನ್ನೊಬ್ಬರು ಗದರಿಸಿ ನಗಬಲ್ಲರು. ಒಲವೆಂಬುದು ಬಹುಶಃ ಅಷ್ಟೇ ಏನೋ... ಅಷ್ಟು ದೊಡ್ಡದು!