ದೂರದಿಂದ ಎಬ್ಬಿಸುವುದು

ಹಾಲಿನ ಡೈರಿಯ ಹಿಂದೆ, ಕ್ಯಾನು ತೊಳೆಯುವ ಕಟ್ಟೆಗೆ ಅಂಟಿಕೊಂಡು ಒಂದು ಸಣ್ಣ ಕೋಣೆ. ಮೊದಲು ಹಿಂಡಿ ಚೀಲ ಇಡುತ್ತಿದ್ದ ಜಾಗ. ಗೋಡೆಗೆ ತೇವ ಹತ್ತಿದರೆ ಈಗಲೂ ಹಿಂಡಿಯ ವಾಸನೆ ಬರುತ್ತದೆ. ಅಲ್ಲಿ ಮೂರು ಸರ್ವರ್‌ಗಳಿದ್ದವು. ಎರಡು ಹೊಸವು, ಕಬ್ಬಿಣದ ಕಪಾಟಿನಲ್ಲಿ ಒಂದರ ಮೇಲೊಂದು. ಮೂರನೆಯದು ಹಳೆಯದು, ಗೇಣೆತ್ತರದ ಮಣೆಯ ಮೇಲೆ. ಹಾಲಿನ ತೂಕ, ಜಿಡ್ಡಿನ ಅಳತೆ ಎಲ್ಲವೂ ಆ ಹಳೆಯದರ ಮೂಲಕವೇ ಹೋಗಬೇಕು. ಅದು ಏಳದಿದ್ದರೆ ಒಂದು ಲೋಟ ಹಾಲನ್ನೂ ಡೈರಿ ಒಳಗೆ ತೆಗೆದುಕೊಳ್ಳುವಂತಿರಲಿಲ್ಲ.

ಕರೆಂಟು ಹೋಗಿ ಬಂದಾಗಲೆಲ್ಲ ಮೂರರ ಗುಂಡಿಯನ್ನೂ ಕೈಯಿಂದ ಒತ್ತಬೇಕಿತ್ತು. ಕಸ ಗುಡಿಸುವವಳು ಒಮ್ಮೆ ಒತ್ತಿ ಹಿಡಿದು ಒಂದು ದಿನದ ತೂಕವೆಲ್ಲ ಅಳಿಸಿಹೋದ ಮೇಲೆ ಅಲ್ಲೊಂದು ಕಟ್ಟಳೆಯಾಯಿತು: ಕಾವಲುಗಾರ ಬೀಗ ತೆಗೆಯಬೇಕು, ಕಂಪ್ಯೂಟರಿನವನು ಬಂದು ಒತ್ತಬೇಕು. ಕಾವಲುಗಾರ ಮಾವ, ಕಂಪ್ಯೂಟರಿನವನು ಅವನ ಅಳಿಯ. ಅಳಿಯನ ಮನೆ ಇದ್ದದ್ದು ಪೇಟೆಯಲ್ಲಿ, ಬೈಕಿನಲ್ಲಿ ಮುಕ್ಕಾಲು ಗಂಟೆಯ ದಾರಿ.

ಹೋದ ವರ್ಷ ಅಳಿಯನ ಹೆಂಡತಿಗೆ ಚೊಚ್ಚಲ ಹೆರಿಗೆಯ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಸೇರಿಸಿದ ಮಧ್ಯಾಹ್ನ ಡೈರಿಯಿಂದ ಫೋನು ಬಂದಿತ್ತು. 'ಹೀಗೆ ಹೋಗಿ ಹಾಗೆ ಬಂದೆ' ಎಂದು ಹೊರಟಿದ್ದ. ಹಾಲು ಉಳಿಯಿತು. ತಿರುಗಿ ಬಂದಾಗ ಮಗುವಿನ ಮುಖದ ಮೇಲೆ ಬಿಳಿ ಬಟ್ಟೆ ಎಳೆದಿದ್ದರು. ನೀನಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಮತ್ತೆ ಬಸುರಾಗಿ ಏಳು ತಿಂಗಳು ತುಂಬಿದ ದಿನ, ಹೆಂಡತಿ ಬಟ್ಟೆ ಮಡಿಸುತ್ತಾ ಅಂದಳು:

"ಈ ಸಲ ಹಾಲು ಒಡೆದರೆ ಒಡೀಲಿ. ನೀವು ಬಾಗಿಲ ಹತ್ರ ಇರಬೇಕು."

ಆಮೇಲೆಯೇ ಅವನು ಸರ್ವರ್‌ಗಳನ್ನು ದೂರದಿಂದ ಎಬ್ಬಿಸುವ ಏರ್ಪಾಡಿಗೆ ಇಳಿದದ್ದು. ಎರಡು ದಿನ ಆ ಕೋಣೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಮಾವ ಬಾಗಿಲಿಗೆ ಒರಗಿ ನೋಡುತ್ತಿದ್ದ.

"ಆರಿಸಿದ್ರಿ ಅಂತೀರಿ, ಹಿಂದೆ ಹಸಿರು ದೀಪ ಮಿಣುಕ್ತಾನೇ ಇದೆಯಲ್ಲ ಅಳಿಯಂದ್ರೇ?"

"ಅದು ನೆಟ್‌ವರ್ಕ್ ಕಾರ್ಡು, ಮಾವ. ಮಿಷನ್ನು ಮಲಗಿದ್ರೂ ಅದು ಕೇಳಿಸ್ಕೊಳ್ತಾ ಇರುತ್ತೆ. ಒಂದೊಂದಕ್ಕೂ ಒಂದು ನಂಬರಿದೆ. ಆ ನಂಬರು ಹಿಡಿದು ಕರೆದರೆ ಎಬ್ಬಿಸುತ್ತೆ."

"ನಮ್ಮ ಗೇಟಿನ ನಾಯಿ ಥರ ಅನ್ನಿ. ಮಲಗಿರುತ್ತೆ, ಕಿವಿ ಮಾತ್ರ ನೆಟ್ಟಗೆ."

"ನಿಮ್ಮ ನಾಯಿ ಕರೆದ್ರೆ ಬರುತ್ತಾ?"

"ಅದು ಬೇರೆ ವಿಷಯ ಬಿಡಿ."

ಫೋನಿನಿಂದಲೇ ಆರಿಸಿ, ಫೋನಿನಿಂದಲೇ ಎಬ್ಬಿಸಿದ. ಹತ್ತು ಸಲ. ಹತ್ತೂ ಸಲ ಮೂರೂ ಗುಂಯ್ ಎಂದು ಎದ್ದವು. ಮಾವ ತಲೆ ಕೆರೆದುಕೊಂಡ.

"ಮೇನ್ ಸ್ವಿಚ್ಚನ್ನೇ ಒಮ್ಮೆ ಎಳೆದು ನೋಡೋಣ್ವಾ? ಕರೆಂಟು ಹೇಳಿ ಕೇಳಿ ಹೋಗೋದಿಲ್ಲ ನೋಡಿ."

ಅಳಿಯನಿಗೆ ರೇಗಿತು. ಸರ್ವರಿನ ಕರೆಂಟು ಎಳೆಯಬಾರದು ಎಂದು ಡೈರಿಯವರಿಗೆಲ್ಲ ಪಾಠ ಹೇಳಿದವನು ಅವನೇ. ಸ್ವಿಚ್ಚಿನ ಮೇಲೆ 'ಮುಟ್ಟಬೇಡಿ' ಎಂದು ಕೆಂಪು ಬಣ್ಣದಲ್ಲಿ ಬರೆಸಿದವನೂ ಅವನೇ.

"ಹಾಗೆಲ್ಲ ಎಳೀಬಾರದು ಮಾವ. ಹಾಳಾಗುತ್ತೆ. ಈಗ ಹೊಸದಾಗಿ ಬ್ಯಾಟರಿ ಹಾಕಿಸಿದೀನಲ್ಲ, ಕರೆಂಟು ಹೋದ್ರೆ ಅದು ನೋಡ್ಕೊಳ್ಳುತ್ತೆ."

ಇನ್ನು ಯಾರೂ ಒಳಗೆ ಹೋಗುವ ಕೆಲಸವಿಲ್ಲ, ಯಾರ ಕೈಯೂ ಆಡುವುದು ಬೇಡ ಎಂದು ಬೀಗದ ಕೈಯನ್ನೂ ಇಸಿದುಕೊಂಡ. ಇಪ್ಪತ್ತೆರಡು ವರ್ಷ ಸೊಂಟಕ್ಕೆ ಕಟ್ಟಿಕೊಂಡಿದ್ದ ಕೀಲಿ. ಕೊಟ್ಟ ಮೇಲೂ ಮಾವನ ಕೈ ಎರಡು ಮೂರು ಸಲ ಸೊಂಟದ ಕಡೆ ಹೋಗಿ ಬಂತು.

ದಿನ ತುಂಬಿ ಆಸ್ಪತ್ರೆಗೆ ಸೇರಿಸಿದಾಗ, ಮಗು ಅಡ್ಡ ತಿರುಗಿದೆ, ಆಪರೇಷನ್ನೇ ಮಾಡಬೇಕು ಎಂದರು ಡಾಕ್ಟರು. ಸಂಜೆ ಐದಕ್ಕೆ. ನಾಲ್ಕೂಕಾಲಿಗೆ ಫೋನು ಬಂತು. ಡೈರಿಯಲ್ಲಿ ಹಾಲು ತೂಗುವಾಕೆ. ಎಲ್ಲರೂ ಕರೆಯುವುದು ತೂಕದಕ್ಕ ಎಂದೇ.

"ಅಣ್ಣಾ, ಬೆಳಿಗ್ಗೆ ಹೋದ ಕರೆಂಟು ಈಗ ಬಂತು. ಬ್ಯಾಟರಿ ಮಧ್ಯಾಹ್ನವೇ ಕೈ ಕೊಡ್ತು. ಕ್ಯಾನು ಸಾಲು ರಸ್ತೆಗೆ ಬಂದಿದೆ. ಎಬ್ಬಿಸಿ."

ಎಬ್ಬಿಸಿದ. ಹೊಸವೆರಡೂ ಎದ್ದವು. ಹಳೆಯದು ಏಳಲಿಲ್ಲ. ಮತ್ತೆ ಕರೆದ, ಮತ್ತೆ. ಆಸ್ಪತ್ರೆಯ ತಣ್ಣನೆಯ ಬೆಂಚಿನ ಮೇಲೆ ಕೂತಂತೆಯೇ ಹೊಳೆಯಿತು. ಬ್ಯಾಟರಿ ಬತ್ತಿದಾಗ ಆ ಹಸಿರು ದೀಪವೂ ಆರಿತ್ತು. ಹೊಸವು ಕರೆಂಟು ಬಂದೊಡನೆ ಮತ್ತೆ ಕಿವಿಗೊಡುತ್ತವೆ. ಹಳೆಯದು, ಒಮ್ಮೆ ಪೂರ್ತಿ ಕರೆಂಟು ಕಳೆದುಕೊಂಡರೆ, ಕೈಯಿಂದ ಒತ್ತಿ ಎಬ್ಬಿಸುವ ತನಕ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಮಾವ ಹೇಳಿದಂತೆ ಒಂದೇ ಸಲ ಸ್ವಿಚ್ಚು ಎಳೆದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಅವನ ಕೈ ಅಂಗಿಯ ಜೇಬಿಗೆ ಹೋದದ್ದನ್ನು ಹೆಂಡತಿ ಮಂಚದ ಮೇಲಿಂದ ನೋಡಿದಳು.

"ಕೀಲಿ ನಿಮ್ಮ ಹತ್ರಾನೇ ಇದೆಯಾ?"

"ಹೂಂ."

"ಇಲ್ಲಿ ಕೊಡಿ."

ಕೊಟ್ಟ. ಅವಳು ಮುಷ್ಟಿ ಬಿಗಿದು ಕಣ್ಣು ಮುಚ್ಚಿಕೊಂಡಳು.

ಅವನು ಅಲ್ಲೇ ನಿಂತು ಮಾವನಿಗೆ ಫೋನು ಮಾಡಿದ. "ಮಾವ, ಬೀಗ ಒಡೀರಿ."

ಆ ಕಡೆ ಕ್ಯಾನುಗಳ ಸದ್ದು, ಜನರ ಗದ್ದಲ.

"ಕಾವಲುಗಾರನ ಕೈಯಲ್ಲೇ ಬೀಗ ಒಡೆಸ್ತೀರಾ, ಅಳಿಯಂದ್ರೇ?"

"ನನ್ನದೇ ತಪ್ಪು. ನೀವು ಹೇಳಿದ್ರಿ, ನಾನು ಕೇಳಲಿಲ್ಲ."

"ಅದಲ್ಲ ನಾನು ಕೇಳಿದ್ದು," ಎಂದು ಮಾವ ಫೋನು ಇಟ್ಟ.

ನಾಲ್ಕು ಮುಕ್ಕಾಲಿಗೆ ಅವಳನ್ನು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿ, ಮೇಲೆ ಆಪರೇಷನ್ನಿನ ಕೆಂಪು ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ನರ್ಸು ತಲೆ ಹೊರಗೆ ಹಾಕಿ, ಕೀಲಿಯನ್ನು ಅವನ ಅಂಗೈಯಲ್ಲಿಟ್ಟಳು.

"ಏನಪ್ಪಾ ಇದು, ಖಜಾನೆ ಕೀಲಿಯಾ? ಬಿಡ್ಲೇ ಇಲ್ಲ. ಒಂದೊಂದೇ ಬೆರಳು ಬಿಡಿಸಿ ತಗೋಬೇಕಾಯ್ತು."

ಕೀಲಿ ಬೆವರಿನಿಂದ ಒದ್ದೆಯಾಗಿತ್ತು. ತೂಕದಕ್ಕನ ಫೋನು ಮತ್ತೆ ಬಂತು: ಒಂದಿಬ್ಬರು ಕ್ಯಾನು ಹೊತ್ತು ವಾಪಸು ಹೊರಟರಂತೆ, ಮಾವ ಬೀಗದ ಮುಂದೆ ಸುಮ್ಮನೆ ನಿಂತಿದ್ದಾನಂತೆ, ಬೇರೆಯವರು ಮುಟ್ಟಹೋದರೆ ಬಿಡುತ್ತಿಲ್ಲವಂತೆ. ಬೈಕು ಕೆಳಗೇ ಇತ್ತು. ಮುಕ್ಕಾಲು ಗಂಟೆ. ಆಪರೇಷನ್ನು, ಹೊಲಿಗೆ ಎಲ್ಲ ಸೇರಿ ಹೇಗೂ ಒಂದೂವರೆ ಗಂಟೆ ಹಿಡಿಯುತ್ತದೆ, ಒಳಗಿದ್ದವಳಿಗೆ ಗೊತ್ತಾಗುವುದೂ ಇಲ್ಲ. ಅವನು ಎದ್ದ. ಮೆಟ್ಟಿಲ ತನಕ ಹೋದ. ಗೋಡೆ ಹಿಡಿದು ನಿಂತ. ಹೋದ ವರ್ಷ ಇಳಿದದ್ದೂ ಇವೇ ಮೆಟ್ಟಿಲು.

ತಿರುಗಿ ಬಂದು ಬಾಗಿಲ ಪಕ್ಕ ನೆಲದ ಮೇಲೆ ಕೂತ.

ಫೋನು ಬಂತು. ಮಾವನದು. ಕಲ್ಲು ಕಬ್ಬಿಣಕ್ಕೆ ಬಡಿಯುವ ಸದ್ದು. ಒಂದು, ಎರಡು, ಮೂರು. ಆಮೇಲೆ ಏದುಸಿರು.

"ಒಳಗಿದೀನಿ. ಯಾವುದು?"

"ಮಣೆ ಮೇಲಿಂದು. ಒತ್ತಿ ಬಿಟ್ಟುಬಿಡಿ, ಹಿಡ್ಕೋಬೇಡಿ."

ಗುಂಯ್ ಎನ್ನುವ ಸದ್ದು ಅವನಿಗೂ ಕೇಳಿಸಿತು. ಆ ಕಡೆ ಹೊರಗೆ ಯಾರೋ ಶಿಳ್ಳೆ ಹಾಕಿದರು.

"ಎದ್ದಿತು," ಎಂದ ಮಾವ. ಅದರಲ್ಲಿ ಸಂತೋಷವಿರಲಿಲ್ಲ. "ಅವಳು?"

"ಒಳಗಿದ್ದಾಳೆ."

"ನೀವು?"

"ಬಾಗಿಲ ಹತ್ರ."

"ಫೋನ್ ಇಡಬೇಡಿ," ಎಂದ ಮಾವ.

ಇಡಲಿಲ್ಲ. ಅತ್ತ ಕ್ಯಾನುಗಳು ಒಂದೊಂದೇ ತೂಕಕ್ಕೆ ಏರುತ್ತಿದ್ದವು. ಇತ್ತ ಬಾಗಿಲ ಮೇಲಿನ ಕೆಂಪು ದೀಪ ಇನ್ನೂ ಆರಿರಲಿಲ್ಲ.