ಒಂದು ಗುಟುಕು ನೀರು

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಭಾಷೆಯ ಮೇಷ್ಟ್ರು ಬದುಕಿದ್ದೇ ಹಾಗೆ. ವರ್ಷಗಟ್ಟಲೆ ಅದೇ ತರಗತಿ, ಅದೇ ಅಲುಗಾಡುವ ಮೇಜು, ಪಠ್ಯದಲ್ಲಿ ಅದೇ ಹಳೆಯ ಪ್ರಹಸನ. ಅಜ್ಜನ ಕಾಲದ ಆ ನಾಟಕದ ಪ್ರತಿ ಇದ್ದದ್ದು ಮೇಷ್ಟ್ರ ಹತ್ತಿರ ಒಂದೇ, ಅದೂ ಬೆನ್ನು ಕಿತ್ತುಹೋದದ್ದು. ಹಾಗಾಗಿ ಎಲ್ಲ ಪಾತ್ರವನ್ನೂ ಅವರೇ ಓದುತ್ತಿದ್ದರು. ತೂಕಡಿಸುವ ನ್ಯಾಯಾಧೀಶರು ಅವರೇ, ಕಳ್ಳ ಅವರೇ, ಬಾಲ ಬಡಿಯುವ ಗುಮಾಸ್ತ ಅವರೇ, ಸತ್ತ ಗಂಡನ ಕೋಟು ಕಳೆದುಕೊಂಡು ಬೊಬ್ಬೆ ಹೊಡೆಯುವ ವಿಧವೆಯೂ ಅವರೇ. ಮಕ್ಕಳು ಕೇಳುತ್ತಿದ್ದರೋ, ಗೋಡೆಗೆ ಹೇಳಿದ ಹಾಗಾಗುತ್ತಿತ್ತೋ, ಪಾಪ, ಅವರಿಗೇ ಗೊತ್ತಿರಲಿಲ್ಲ. ಹಿಂದಿನ ಬೆಂಚಿನವರು ಕಿಟಕಿಯಾಚೆ ನೋಡುವುದಂತೂ ಕಾಣುತ್ತಿತ್ತು.

ಈ ವರ್ಷ ನಾಟಕ ಓದಿ ಮುಗಿಸಿದ ಮೇಲೆ ಗಂಟಲು ಕೈಕೊಟ್ಟಿತು. ವೈದ್ಯೆ ಒಳಗಿದ್ದ ಸಣ್ಣ ಗಂಟನ್ನು ತೆಗೆದು, "ಮಾತು ಪೂರ್ತಿ ಬಂದ್. ಪಿಸುಮಾತೂ ಆಡಬೇಡಿ. ದನಿ ಯಾವಾಗ ಬರುತ್ತೆ, ಎಷ್ಟು ಬರುತ್ತೆ, ಈಗಲೇ ಹೇಳೋಕಾಗಲ್ಲ," ಎಂದರು.

"ಮದುವೆಯಾದ ಮೇಲೆ ಮೊದಲ ಸಲ ನನ್ನ ಮಾತು ಕೊನೆ ಮುಟ್ತಾ ಇದೆ ರೀ," ಎಂದು ಹೆಂಡತಿ ತಮಾಷೆ ಮಾಡಿದಳು. ಆಮೇಲೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡದ್ದನ್ನೂ ಮೇಷ್ಟ್ರು ನೋಡಿದರು. ಮನೆಯಲ್ಲಿದ್ದ ಹಳೆಯ ಸ್ಲೇಟನ್ನು ಹುಡುಕಿ ಕೈಗೆ ಕೊಟ್ಟವಳೂ ಅವಳೇ.

ಶಾಲೆಗೆ ಹೊಸದಾಗಿ ಬಂದಿದ್ದ ಹೆಡ್ ಮೇಡಂ ಕೆಟ್ಟವರಲ್ಲ. ಆದರೆ ಒಳ್ಳೆಯವರು ಮಾಡುವ ಕೆಟ್ಟ ಕೆಲಸಕ್ಕೆ ಔಷಧಿಯಿಲ್ಲ ನೋಡಿ. "ಕ್ಲಾಸು ಬೇರೆಯವರು ನೋಡ್ಕೊಳ್ಲಿ ಸಾರ್. ನೀವು ಲೈಬ್ರರಿಯಲ್ಲಿ ಆರಾಮಾಗಿರಿ," ಎಂದರು. ಆ ಲೈಬ್ರರಿಗೆ ಹೋದ ಮೇಷ್ಟ್ರು ಯಾರೂ ತರಗತಿಗೆ ವಾಪಸು ಬಂದದ್ದಿಲ್ಲ. ಅಲ್ಲಿ ಆರಾಮಾಗಿದ್ದದ್ದು ಗೆದ್ದಲು ಮಾತ್ರ. ಮೇಷ್ಟ್ರು ಸ್ಲೇಟಿನ ಮೇಲೆ ಬರೆದರು: "ಮಕ್ಕಳೇ ನಾಟಕ ಆಡಿ ತೋರಿಸುತ್ತಾರೆ. ನೋಡಿ ಆಮೇಲೆ ತೀರ್ಮಾನಿಸಿ."

ಮೇಡಂ ಒಪ್ಪಿದರು. ಬರೆದದ್ದೇನೋ ಸುಲಭ, ಆಡುವವರು ಯಾರು? ಮೇಷ್ಟ್ರು ತರಗತಿಯಲ್ಲಿ ಪುಸ್ತಕ ಮುಂದೆ ಚಾಚಿದಾಗ ಮೊದಲ ಬೆಂಚಿನ ಮೆಣಸಿನಕಾಯಿ ಎದ್ದುನಿಂತಳು. ಗಾತ್ರದಲ್ಲಿ ಅಷ್ಟೇ, ಖಾರದಲ್ಲೂ ಅಷ್ಟೇ, ಅದಕ್ಕೇ ಎಲ್ಲರೂ ಅವಳನ್ನು ಹಾಗೆ ಕರೆಯುತ್ತಿದ್ದರು. "ಪುಸ್ತಕ ಯಾಕೆ ಸಾರ್? ನೀವು ಓದಿದ್ದು ನೆನಪಿದೆಯಲ್ಲ. ನೀವು ಬರಬೇಡಿ, ನಾವೇ ಕಲಿತ್ಕೊಳ್ತೀವಿ." ಸೈಕಲ್ ಶೆಡ್ಡಿನಲ್ಲಿ ತಾಲೀಮು ಶುರುವಾಯಿತು. ಮೇಷ್ಟ್ರು ಹತ್ತಿರ ಸುಳಿದರೆ ಸಾಕು, ಎಲ್ಲರೂ ಸೈಕಲ್ಲಿಗೆ ಗಾಳಿ ಹೊಡೆಯುವವರಂತೆ ನಟಿಸುತ್ತಿದ್ದರು.

ನಾಟಕದ ದಿನ ಹೆಡ್ ಮೇಡಂ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಮೇಷ್ಟ್ರು, ತೊಡೆಯ ಮೇಲೆ ಪುಸ್ತಕ, ಕಿವಿಯ ಮೇಲೆ ಪೆನ್ಸಿಲ್. ಮೇಜಿನ ಹಿಂದೆ ಮೆಣಸಿನಕಾಯಿ, ಯಾರದ್ದೋ ಚಿಕ್ಕಪ್ಪನ ಕೋಟಿನೊಳಗೆ ಮುಳುಗಿ, ನ್ಯಾಯಾಧೀಶರಾಗಿ ತೂಕಡಿಸುತ್ತಿದ್ದಳು. ಕದ್ದ ಕೋಟನ್ನು ಗುಮಾಸ್ತ ಕಳ್ಳನಿಂದ ಅಗ್ಗಕ್ಕೆ ಕೊಂಡು ನ್ಯಾಯಾಧೀಶರಿಗೇ ಕಾಣಿಕೆ ಕೊಟ್ಟಿದ್ದಾನೆ. ಅದು ಅವರ ಮೈಮೇಲೇ ಇದೆ, ಇಡೀ ಕೋರ್ಟಿಗೆ ಕಾಣುತ್ತಿದೆ, ಹೇಳುವ ಧೈರ್ಯ ಯಾರಿಗೂ ಇಲ್ಲ. ನಾಟಕದ ಕಥೆಯೇ ಇಷ್ಟು.

ವಿಧವೆ ಬಂದಳು. ಬಾಯಿ ಬಿಡುವ ಮೊದಲು ಗಂಟಲು ಸರಿಮಾಡಿಕೊಂಡಳು, ಹ್ಹಂ ಹ್ಹಂ ಎಂದು. ಇಲ್ಲದ ಕನ್ನಡಕವನ್ನು ಕಿರುಬೆರಳಿನಿಂದ ಮೇಲಕ್ಕೆ ತಳ್ಳಿದಳು. ಗುಮಾಸ್ತ ಬಂದ. ಅವನೂ ಹ್ಹಂ ಹ್ಹಂ, ಅವನಿಗೂ ಕಿರುಬೆರಳು. ಕಳ್ಳನ ಪಾತ್ರದ ಉದ್ದಣ್ಣನಂತೂ ಕಂಬದ ಹಾಗೆ ನಿಂತು, ಮಾತು ಮಾತಿಗೆ "ಅದಿರಲಿ" ಎನ್ನುತ್ತಿದ್ದ. ಮೇಷ್ಟ್ರ ಕಿವಿ ಬಿಸಿಯಾಯಿತು. ಹ್ಹಂ ಎನ್ನುತ್ತಿದ್ದವರು ಅವರು, ಒಳಗಿನ ಗಂಟಿನ ಕಾಟಕ್ಕೆ. ಅದಿರಲಿ ಎನ್ನುತ್ತಿದ್ದವರೂ ಅವರೇ, ಓದುತ್ತಿದ್ದ ಸಾಲು ತಪ್ಪಿದಾಗ.

"ಆ ಕೋಟು ತಮ್ಮ ಮೈಮೇಲೆ ಎಷ್ಟು ಚೆನ್ನಾಗಿ ಒಪ್ಪುತ್ತೆ ಸ್ವಾಮೀ," ಎಂದ ಉದ್ದಣ್ಣ.

ನ್ಯಾಯಾಧೀಶರು ಕಣ್ಣುಬಿಟ್ಟರು. ಮೇಜಿನ ಮೇಲಿದ್ದ ಲೋಟ ಎತ್ತಿ, ಒಂದು ಗುಟುಕು ನೀರು ಕುಡಿದು, ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು, ಗಾಳಿಯಲ್ಲೇ ಏನನ್ನೋ ಕಷ್ಟಪಟ್ಟು ಬಿಡಿಸಿ, ನಿಧಾನವಾಗಿ ಹೇಳಿದರು: "ಒಪ್ಪುತ್ತೆ ಅಂದ ಮೇಲೆ ನನ್ನದೇ ಇರಬೇಕು."

ತರಗತಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಇಷ್ಟು ವರ್ಷ ಓದಿದರೂ ಆ ಮಾತಿಗೆ ಒಂದು ನಗುವೂ ಹುಟ್ಟಿರಲಿಲ್ಲ. ಅವರ ಪುಸ್ತಕದಲ್ಲಿ ಪುಟ ಮುಗಿಯುವುದು ಅದಕ್ಕೂ ಮೊದಲು, ಕಳ್ಳನ ಮಾತಿಗೇ. ಮುಂದಿನ ಹಾಳೆ ಹಿಂದೆಂದೋ ನೆಂದು ಅಂಟಿಕೊಂಡಿತ್ತು. ಅದನ್ನು ಬಿಡಿಸುವ ಮೊದಲು ಅವರು ನೀರು ಕುಡಿಯುತ್ತಿದ್ದರು, ಅಷ್ಟೇ. ಅಷ್ಟನ್ನೂ ಈ ಮಕ್ಕಳು ಕೇಳಿದ್ದಾರೆ, ನೋಡಿದ್ದಾರೆ, ನಾಟಕವೆಂದೇ ನಂಬಿದ್ದಾರೆ! ನಾಚಿಕೆಯಾಗಬೇಕಿತ್ತು. ಆದರೆ ಆದದ್ದು ಸಂತೋಷ.

"ನಿಲ್ಲಿಸಿ!" ಹೆಡ್ ಮೇಡಂ ಎದ್ದಿದ್ದರು, ಮುಖ ಕೆಂಪಗಾಗಿತ್ತು. "ದನಿ ಕಳ್ಕೊಂಡಿರೋ ಮೇಷ್ಟ್ರನ್ನ ಅವರ ಎದುರಿಗೇ ಅಣಕಿಸ್ತೀರಾ? ಇದಕ್ಕೇನಾ ಇವರು ನಿಮ್ಮನ್ನು ನಂಬಿದ್ದು?"

ನಗು ತಟ್ಟನೆ ನಿಂತಿತು. ಮೆಣಸಿನಕಾಯಿಯ ಕಣ್ಣಲ್ಲಿ ನೀರು ತುಂಬಿತು. "ಅಣಕ ಅಲ್ಲ ಮೇಡಂ! ನಾಟಕ ಇರೋದೇ ಹೀಗೆ. ಸಾರ್ ಹೀಗೇ ಓದಿದ್ದು. ಕಳ್ಳನ ಮಾತಾದ ಮೇಲೆ ನ್ಯಾಯಾಧೀಶರು ನೀರು ಕುಡೀತಾರೆ."

"ಹೌದಾ? ಪುಸ್ತಕದಲ್ಲಿದೆಯಾ? ತೋರಿಸಿ ಸಾರ್."

ಮೇಷ್ಟ್ರು ಮಕ್ಕಳ ಮುಖ ನೋಡಿದರು. ಇಲ್ಲ ಎಂದು ತಲೆಯಾಡಿಸಿದರೆ ಮಕ್ಕಳು ತಪ್ಪಿತಸ್ಥರು, ತಮಗೆ ಲೈಬ್ರರಿ. ಇದೆ ಎಂದರೆ ಶುದ್ಧ ಸುಳ್ಳು, ಅದೂ ಸತ್ಯವೇ ದೇವರು ಎಂದು ಬೋರ್ಡಿನ ಮೇಲೆ ಬರೆಸಿದ ಬಾಯಿಂದ. ಸದ್ಯ ಬಾಯಿ ಬಂದ್ ಆಗಿದೆ. ಪುಸ್ತಕವನ್ನು ಎದೆಗೆ ಹತ್ತಿರ ಹಿಡಿದು, ಪುಟ ಹುಡುಕುವವರಂತೆ ಬಹಳ ಹೊತ್ತು ತಗೊಂಡರು. ಕಿವಿಯ ಮೇಲಿದ್ದ ಪೆನ್ಸಿಲ್ ಕೆಳಗಿಳಿಯಿತು. ಮತ್ತೆ ಮೇಲೇರಿತು. ಆಮೇಲೆ ಪುಸ್ತಕವನ್ನು ಮೇಡಂ ಮುಂದೆ ಹಿಡಿದರು.

ಕಳ್ಳನ ಮಾತಿನ ಕೆಳಗೆ, ಹೊಸ ಪೆನ್ಸಿಲಿನ ಅಕ್ಷರದಲ್ಲಿ ಹೀಗಿತ್ತು: "ಹ್ಹಂ ಹ್ಹಂ. ನ್ಯಾಯಾಧೀಶರು ನೀರು ಕುಡಿಯುತ್ತಾರೆ."

ಮೇಡಂ ಓದಿದರು. ಬೆರಳಿಟ್ಟು ನೋಡಿದರು; ಪೆನ್ಸಿಲಿನ ಕಪ್ಪು ಬೆರಳಿಗೆ ಹತ್ತಿತು. ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಸೀಲಿಂಗ್ ಫ್ಯಾನ್ ನೋಡುತ್ತಿದ್ದರು. ಕಿವಿಯ ಮೇಲಿನ ಪೆನ್ಸಿಲ್ ಮಾತ್ರ ಸ್ವಲ್ಪ ಅಲುಗುತ್ತಿತ್ತು.

"ಹೌದು, ಇದೆ," ಎಂದು ಮೇಡಂ ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಕೂತರು. "ನಂದೇ ತಪ್ಪಾಯ್ತು. ನೀರಿನಿಂದ ಶುರು ಮಾಡಿ."

ಈ ಸಲ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ಗಂಟೆ ಹೊಡೆದ ಮೇಲೆ ಬಾಗಿಲಲ್ಲಿ ನಿಂತು, "ಲೈಬ್ರರಿಗೆ ಬೇರೆ ಯಾರನ್ನಾದರೂ ನೋಡ್ತೀನಿ ಸಾರ್. ನಿಮ್ಮ ದನಿ ಬರೋವರೆಗೂ ಇವರೇ ಓದಲಿ, ನೀವು ಕೂತು ಕೇಳಿ," ಎಂದು ಹೇಳಿ ಹೋದರು.

ಮೆಣಸಿನಕಾಯಿ ಕೋಟು ಕಳಚುತ್ತಾ ಹತ್ತಿರ ಬಂದಳು. ಅವಳಿಗೆ ಇನ್ನೂ ಅನುಮಾನ. "ಸಾರ್, ನಿಜ ಹೇಳಿ. ನಾನು ನೀರು ಜಾಸ್ತಿ ಹೊತ್ತು ಕುಡಿದ್ನಾ?"

ಮೇಷ್ಟ್ರು ಸ್ಲೇಟು ತೆಗೆದುಕೊಂಡರು. ಬರೆದು ಅವಳ ಮುಂದೆ ಹಿಡಿದರು.

"ಇಲ್ಲ ಮಗೂ. ಇಷ್ಟು ವರ್ಷ ನಾನೇ ಬೇಗ ಕುಡಿದು ಮುಗಿಸಿಬಿಡುತ್ತಿದ್ದೆ."