ಗೋಡೆಗೆ ಗುದ್ದಿದ ಕಾರು

“ತೊಳೆದುಬಿಟ್ರಾ? ಯಾರು ಸಾರ್ ನಿಮಗೆ ತೊಳೀರಿ ಅಂದಿದ್ದು?”

ವಿಮಾ ಕಂಪನಿಯ ಸರ್ವೇಯರ್ ಜಜ್ಜಿಹೋದ ಕಾರಿನ ಮೂತಿಯನ್ನು ಬೆರಳಿನಿಂದ ಸವರಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಬೆಳಿಗ್ಗೆ ತಿಂದದ್ದರ ಚೂರೊಂದು ಅವನ ಹಲ್ಲಿನ ಸಂದಿಯಲ್ಲಿತ್ತು. ಕಾರಿನ ಒಡೆಯ ಉಪನ್ಯಾಸಕನಿಗೆ ಅದರಿಂದ ಕಣ್ಣು ಕೀಳಲಾಗಲಿಲ್ಲ. ಹೇಸಿಗೆಯಾಯಿತು.

“ಗಲೀಜಾಗಿತ್ತು,” ಎಂದ.

ಗಲೀಜಂತೆ! ಸೀಟಿನ ಮೇಲಿದ್ದದ್ದು ಹೆಂಡತಿಯ ರಕ್ತ. ಅಡ್ಡರಸ್ತೆಯಿಂದ ನುಗ್ಗಿದ ವ್ಯಾನು ಗುದ್ದಿ, ನಿಲ್ಲದೆ ಓಡಿಹೋಗಿತ್ತು. ಐದು ತಿಂಗಳ ಬಸಿರು ಆಸ್ಪತ್ರೆ ಸೇರುವ ಮುಂಚೆಯೇ ಇಳಿದುಹೋಗಿತ್ತು. ಅವಳು ವಾರ್ಡಿನಲ್ಲಿ ಮಲಗಿದ್ದಾಗ ಇವನು ಇದೇ ಗ್ಯಾರೇಜಿಗೆ ಬಂದು, ಬಕೆಟ್ಟು ಕೇಳಿ ಪಡೆದು, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕಾರು ತಿಕ್ಕಿದ್ದ. ಸೀಟು ಸಾಲದೆಂದು ಹೊರಮೈಯನ್ನೂ ತಿಕ್ಕಿದ. ಬಾನೆಟ್ಟಿನ ಮೇಲೆ ಅಂಟಿದ್ದ ಬಿಳಿ ಗೆರೆ ಸೋಪಿಗೆ ಜಗ್ಗದಾಗ ಬಣ್ಣ ಕರಗಿಸುವ ಥಿನ್ನರ್ ಸುರಿದ.

“ಆ ವ್ಯಾನಿನ ಬಣ್ಣಾನೇ ಸಾಕ್ಷಿ ಆಗ್ತಿತ್ತು,” ಎಂದ ಸರ್ವೇಯರ್. “ ಈಗ ಗುದ್ದಿ ಓಡಿಹೋದ ಅಂದ್ರೆ ಯಾರು ನಂಬ್ತಾರೆ? ಫೈಲು ಅಲ್ಲೇ ಕೊಳೆಯುತ್ತೆ. ನಾನೇ ಗೋಡೆಗೆ ಗುದ್ದಿದೆ ಅಂತ ಬರ್ಕೊಡಿ. ತಲೆನೋವು ಮುಗೀತು.”

ಗ್ಯಾರೇಜಿನ ಬೆಂಚಿನ ಮೇಲೆ ಕೂತಿದ್ದ ಹೆಂಡತಿ ತಲೆಯೆತ್ತಿದಳು. ಬೇಡವೆಂದರೂ ಹಟಮಾಡಿ ಜೊತೆಗೆ ಬಂದವಳು.

“ಅವನು ಗುದ್ದಿದ ಅಂತಾನೇ ಬರೀರಿ. ಕೊಂದೋನು ಒಬ್ಬ ಇದಾನೆ ಅಂತ ಎಲ್ಲಾದ್ರೂ ಒಂದು ಕಡೆ ಇರ್ಲಿ. ನನಗೆ ಬೇರೇನೂ ಬೇಡ.”

“ಬರೆದ್ರೆ ಏನು ಬಂತು? ಅವನೇನು ಸಿಗ್ತಾನಾ?” ಎಂದ ಗಂಡ.

“ಗೋಡೆ ಅಂತ ಬರೆದ್ರೆ, ಕೊಂದೋರು ಯಾರು ಅಂತಾಗುತ್ತೆ?”

ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವ ಮಹಾನುಭಾವ. ತರ್ಕ ಬಿಟ್ಟು ಸರ್ವೇಯರನ ಪೆನ್ನಿಗೆ ಕೈ ಚಾಚಿದ. ಅವನಿಗೆ ಬೇಕಾಗಿದ್ದು ಇಷ್ಟೇ: ಇದು ಮುಗಿಯಬೇಕು. ಈ ಎಣ್ಣೆಯ ನಾತ, ಆ ಹಲ್ಲಿನ ಚೂರು, ಇವಳ ನೋಟ, ಎಲ್ಲ ತೊಲಗಬೇಕು. ಥೂ, ಎಂಥ ಬಾಳು! ಬರೆದು ಸಹಿ ಹಾಕಿದ.

ಅವಳು ಮುಖ ಆಚೆ ತಿರುಗಿಸಿದಳು. ಬೈದಿದ್ದರೆ ಒಳ್ಳೆಯದಿತ್ತು.

“ಗೋಡೆ ಜೊತೆ ಒಂದು ಫೋಟೋ ಬೇಕಲ್ಲ ಸಾರ್. ಗಾಡಿ ಸ್ಟಾರ್ಟ್ ಆಗುತ್ತೆ ತಾನೆ? ಹತ್ತಿ.”

ಹತ್ತಿದ. ಸೀಟು ಇನ್ನೂ ಒದ್ದೆಯಾಗಿತ್ತು. ಗ್ಯಾರೇಜಿನ ಹಿಂದಿನ ಗೋಡೆಯ ಕಡೆಗೆ ಕಾರು ತೆವಳಿತು.

“ಬನ್ನಿ, ಬನ್ನಿ… ಇನ್ನೂ ಸ್ವಲ್ಪ. ಮೆತ್ತಗೆ ಒಂದು ಸಲ ಗುದ್ದಿ ಸಾರ್, ಸುಣ್ಣ ಅಂಟ್ಲಿ.”

ಗುದ್ದಿದ. ಸುಣ್ಣ ಬಾನೆಟ್ಟಿನ ಮೇಲೆ ಉದುರಿತು. ಆ ಸದ್ದಿಗೆ ಬೆಂಚಿನ ಮೇಲಿದ್ದವಳು ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಳು. ಅಲ್ಲೇನೂ ಇಲ್ಲವೆಂದು ನೆನಪಾಗಿ, ಆಮೇಲೆ ಕೈ ತೆಗೆದಳು.

ಅವನು ಇಳಿಯಲು ಹೋದ. ಬಾಗಿಲು ಕಚ್ಚಿಕೊಂಡಿತ್ತು. ಭುಜ ಕೊಟ್ಟು ನೂಕಿದ, ಕಾಲಿನಿಂದ ಒದ್ದ. ಜಪ್ಪಯ್ಯ ಎನ್ನಲಿಲ್ಲ. ಎದುರಿನ ಗಾಜಿನ ತುಂಬ ಗೋಡೆ.

ಸರ್ವೇಯರ್ ಪಕ್ಕದ ಕಿಟಕಿಯ ಹತ್ತಿರ ಬಂದು ಫೋನು ಎತ್ತಿ ಹಿಡಿದ.

“ಅಲ್ಲಾಡಬೇಡಿ ಸಾರ್. ಗುದ್ದಿದೋರ ಮುಖ ಸರಿಯಾಗಿ ಬರ್ಲಿ.”